ಕಡೇ ಗದ್ದೆಯ ಅಧ್ಯಕ್ಷರು

ರೈತರ ನೀರಾವರಿ ಸಹಕಾರ ಸಂಘಗಳು ನೀರನ್ನು ಎಷ್ಟು ಚೆನ್ನಾಗಿ ಹಂಚುತ್ತವೆ ಎಂದು ನೋಡಿ ಮಾರ್ಕ್ಸ್ ಹಾಕುವುದು ಚೆನ್ನೈನಲ್ಲಿ ನನ್ನ ಕೆಲಸ. ಒಮ್ಮೆ ಪಕ್ಕದ ಜಿಲ್ಲೆಯ ಸಂಘವೊಂದರ ಅಧ್ಯಕ್ಷರು ನಮ್ಮ ಆಫೀಸಿಗೆ ಬಂದಿದ್ದರು. ನಾನು ಫಾರಂ ಹಿಡಿದು, "ಅಯ್ಯಾ, ಯಾವ ಅರ್ಹತೆ ನೋಡಿ ನಿಮ್ಮನ್ನು ಆರಿಸಿದರು?" ಎಂದು ಕೇಳಿದೆ.

"ನನ್ನ ಗದ್ದೆ ಕಾಲುವೆಯ ಕಟ್ಟಕಡೆಗಿದೆ ಸಾರ್, ಅದೇ ಅರ್ಹತೆ," ಎಂದರು ತಮಿಳಿನಲ್ಲಿ. "ಎಲ್ಲರಿಗೂ ಹರಿದ ಮೇಲೇ ನನಗೆ ನೀರು. ಮಧ್ಯೆ ಯಾರು ಕದ್ದರೂ ನಾನು ಸುಮ್ಮನೆ ಬಿಡ್ತೀನಾ?"

ಫಾರಂನಲ್ಲಿ ಇದಕ್ಕೆ ಕಾಲಂ ಇರಲಿಲ್ಲ. ನಾನು ತಡಕಾಡುವಾಗ ಅವರೇ ಕೇಳಿದರು: "ನಿಮ್ಮ ಫ್ಲಾಟಲ್ಲಿ ನೀರು ನೋಡಿಕೊಳ್ಳೋದು ಯಾರು?"

"ನೆಲಮಹಡಿಯವರು."

"ನೀವಿರೋದು?"

"ನಾಲ್ಕನೇ ಮಹಡಿ, ಎಲ್ಲರಿಗಿಂತ ಮೇಲೆ. ನಲ್ಲೀಲಿ ನೀರು ತೊಟ್ಟಿಕ್ಕುತ್ತೆ ಅಷ್ಟೇ."

ಅವರು ನನ್ನ ಪೆನ್ನನ್ನೇ ನೋಡುತ್ತಾ, "ನಿಮ್ಮ ಫ್ಲಾಟಿನ ಸಂಘಕ್ಕೆ ಎಷ್ಟು ಮಾರ್ಕ್ಸ್ ಹಾಕ್ತೀರಿ ಸಾರ್?" ಎಂದರು.

ಉರಿದುಹೋಯಿತು. ಆ ಭಾನುವಾರವೇ ಪೆರಂಬೂರಿನ ನಮ್ಮ ಫ್ಲಾಟಿನ ಮೀಟಿಂಗಿನಲ್ಲಿ ಕಟ್ಟಕಡೆಗೆ ನೀರು ಸಿಗುವವರೇ ನೀರಿನ ಉಸ್ತುವಾರಿ ನೋಡಬೇಕೆಂಬ ಅವರ ನಿಯಮವನ್ನು ನನ್ನದೆಂಬಂತೆ ಮಂಡಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿ ನನ್ನನ್ನೇ ಕಾರ್ಯದರ್ಶಿ ಮಾಡಿದರು.

ನಲ್ಲಿ ಇನ್ನೂ ತೊಟ್ಟಿಕ್ಕುತ್ತಲೇ ಇದೆ. ದೂರುಗಳು ಮಾತ್ರ ಮೋಟಾರಿನ ಹಂಗಿಲ್ಲದೆ ನಾಲ್ಕನೇ ಮಹಡಿಗೆ ಏರಿ ಬರುತ್ತಿವೆ.