ಭಾನುವಾರದ ಕೋಳಿಸಾರು

ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲಕ್ಕೆ ನಾನು ಮಾಂಸ ಬಿಟ್ಟ ಸುದ್ದಿ ದೇವರಿಗೆ ತಲುಪುವ ಮೊದಲೇ ಶಿವಮೊಗ್ಗದ ನಮ್ಮ ಬೀದಿಗೆಲ್ಲ ತಲುಪಿರುತ್ತದೆ. ಉಪವಾಸ ಮಾಡುವವನು ತಲೆಗೆ ಎಣ್ಣೆ ಹಚ್ಚಿಕೊಂಡು ನಗುನಗುತ್ತಾ ಇರಬೇಕು, ಯಾರಿಗೂ ತಿಳಿಯಬಾರದು ಎಂದು ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಎಣ್ಣೆಯ ಭಾಗವನ್ನು ನಾನು ತಪ್ಪದೆ ಪಾಲಿಸುತ್ತೇನೆ.

ಆ ಕಾಲ ಶುರುವಾಗುವ ಬೂದಿ ಬುಧವಾರ ಫಾದರ್ ಹಣೆಗೆ ಹಚ್ಚಿದ ಬೂದಿ ಅಳಿಸೀತೆಂದು ಹೆಲ್ಮೆಟ್ ಹಾಕದೆ, ಚರ್ಚಿನಿಂದ ಮನೆಯವರೆಗೆ ಸ್ಕೂಟರ್ ತಳ್ಳಿಕೊಂಡು ಬಂದವನು ನಾನು. ಪಕ್ಕದ ಮನೆಯ ರುದ್ರಪ್ಪನವರು ದಿನವೂ ಹಣೆತುಂಬ ವಿಭೂತಿ ಧರಿಸುವವರು. "ವರ್ಷಕ್ಕೊಂದ್ಸಲ ಹಚ್ಕೊಂಡು ಇಷ್ಟು ಬೀಗ್ತೀರಲ್ಲ ಮಾರಾಯ್ರೇ, ದಿನಾ ಹಚ್ಕೊಳೋ ನಾವೆಷ್ಟು ಬೀಗ್ಬೇಕು?" ಅಂದರು. ಅವರ ಮನೆಯ ಶಿವರಾತ್ರಿಯ ಅವಲಕ್ಕಿ ನಮ್ಮ ಮನೆಗೂ ಬರುತ್ತದೆ. ನಮ್ಮ ಶುಕ್ರವಾರದ ಗಂಜಿಯನ್ನು ಮಾತ್ರ ಅವರು ಕೈಮುಗಿದು ಹಿಂದಕ್ಕೆ ಕಳಿಸುತ್ತಾರೆ. ಧರ್ಮ ಯಾವುದಾದರೂ ಉಪವಾಸದ ಫಲ ಉಣ್ಣುವವಳು ಹೆಂಡತಿ. ನನ್ನವಳು ಫಿಲೋಮಿನಾ ಪ್ರತಿವರ್ಷ ಹೇಳುವುದು ಒಂದೇ ಮಾತು: "ಕೋಳಿ ಬಿಟ್ಟು ನನ್ನನ್ನ ತಿಂತೀರಲ್ರೀ!"

ಹೋದ ವರ್ಷ ಈ ಭಕ್ತಿಯನ್ನು ಭದ್ರಾವತಿಗೂ ಒಯ್ದೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ ರೋಸಕ್ಕ ಅಲ್ಲಿದ್ದಾಳೆ. ಅಂದು ಭಾನುವಾರ. ಮಂಡಿನೋವಿನಲ್ಲೇ ಕೂತು ಮಸಾಲೆ ಅರೆದು, ನನಗೆಂದು ಕಡುಬು, ಕೋಳಿಸಾರು ಮಾಡಿದ್ದಳು. ನಾನು ತಟ್ಟೆ ಸರಿಸಿ, "ತಪಸ್ಸುಕಾಲ ಅಕ್ಕಾ, ನಾನು ಮುಟ್ಟಲ್ಲ. ನೀನು ಮುಟ್ತೀಯಾ?" ಅಂದೆ. ಅಕ್ಕ ಮಂಡಿ ಹಿಡಿದು ಎದ್ದಳು. ಸಾರಿನ ಪಾತ್ರೆಯನ್ನು ಪಕ್ಕದ ಮನೆಗೆ ಕೊಟ್ಟುಬಂದು, ಮಜ್ಜಿಗೆಯಲ್ಲಿ ಕಡುಬು ಕಲಸಿಕೊಂಡು ತಿಂದಳು. ಆಮೇಲೆ ಅವಳ ಫೋನು ನಿಂತೇಹೋಯಿತು. ನಾನೂ ಮಾಡಲಿಲ್ಲ, ಭಕ್ತನಲ್ಲವೇ!

ಈ ವರ್ಷದ ತಪಸ್ಸುಕಾಲದಲ್ಲಿ ಚರ್ಚಿಗೆ ಪಾಪನಿವೇದನೆಗೆ ಹೋದಾಗ, ಕಬಾಬಿನ ಅಂಗಡಿ ಮುಂದೆ ನಿಂತು ವಾಸನೆ ಹೀರಿದ ಪಾಪಗಳ ನಡುವೆ ಅಕ್ಕನ ಕೋಳಿಸಾರು ಮುಟ್ಟದಿದ್ದುದನ್ನು ಒಂದು ಪುಣ್ಯವೆಂದು ಸೇರಿಸಿ ಹೇಳಿದೆ. ನಿವೇದನೆಯ ಗೂಡಿನ ಜಾಲರಿಯ ಆಚೆ ಕೂತಿದ್ದ ಫಾದರ್ ನಿಟ್ಟುಸಿರಿಟ್ಟರು. "ಆ ನಲವತ್ತು ದಿನದಲ್ಲಿ ಭಾನುವಾರ ಸೇರೋದೇ ಇಲ್ಲ ಕಣ್ರೀ. ಹೋಗಿ, ಅಕ್ಕ ಬಡಿಸಿದ್ದನ್ನ ಉಂಡು ಬನ್ನಿ. ಅದೇ ಪ್ರಾಯಶ್ಚಿತ್ತ."

ಅರವತ್ತು ವರ್ಷ ಕ್ರೈಸ್ತನಾಗಿದ್ದೂ ಇದು ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಜೊತೆಗೆ ಬಾಯಲ್ಲಿ ನೀರೂ ಬಂತು. ಇಂಥ ಪ್ರಾಯಶ್ಚಿತ್ತ ಸಿಗುವುದಾದರೆ ವಾರಕ್ಕೊಂದು ಪಾಪ ಮಾಡಬಹುದು. ಬರುತ್ತೇನೆಂದು ಅಕ್ಕನಿಗೆ ಫೋನ್ ಮಾಡಿ, ಭಾನುವಾರ ಬೆಳಗಿನ ತಿಂಡಿಯನ್ನೂ ಬಿಟ್ಟು ಬಸ್ಸು ಹತ್ತಿದೆ.

ಅಕ್ಕ ತಟ್ಟೆ ಇಟ್ಟಳು. ಗಂಜಿ, ಹುರುಳಿ ಚಟ್ನಿ, ಸುಟ್ಟ ಹಪ್ಪಳ. "ನಿನ್ನ ವ್ರತ ಕೆಡಬಾರ್ದು ಅಂತ ಪಾತ್ರೇನೆಲ್ಲ ಎರಡೆರಡು ಸಲ ತೊಳ್ದಿದೀನಿ ಕಣೋ" ಅಂದಳು.

ತಟ್ಟೆ ಹತ್ತಿರ ಎಳೆದುಕೊಂಡೆ. "ಅಕ್ಕಾ, ಭಾನುವಾರ ತಿನ್ನಬಹುದಂತೆ. ಆವತ್ತು ತಪ್ಪು ನಂದೇ."

"ಗೊತ್ತು. ಅಮ್ಮ ಹೇಳ್ತಿದ್ಲು."

"ಮತ್ತೆ ಆವತ್ತೇ ಯಾಕೆ ಹೇಳ್ಲಿಲ್ಲ?"

"ನೀನು ಮುಖದ ತುಂಬ ಭಕ್ತಿ ಇಟ್ಕೊಂಡು ಕೂತಿದ್ದೆ. ನನ್ನ ನೋಡೋಕೆ ಬಂದೋನಿಗೆ ಅವಮಾನ ಯಾಕೆ ಮಾಡ್ಲಿ ಅಂತ ಸುಮ್ಮನಾದೆ. ಗಂಜಿ ಆರುತ್ತೆ, ಕುಡಿ."

ಅಕ್ಕ ಬಡಿಸಿದ್ದನ್ನು ಉಣ್ಣಬೇಕೆಂದಷ್ಟೇ ಫಾದರ್ ಹೇಳಿದ್ದು. ಅದು ಕೋಳಿಯೇ ಎಂದುಕೊಂಡವನು ನಾನು. ಎರಡು ಬಟ್ಟಲು ಗಂಜಿ ಕುಡಿದೆ. ಜನ್ಮದಲ್ಲಿ ನಾನು ಸರಿಯಾಗಿ ಮಾಡಿದ ಉಪವಾಸ ಅದೊಂದೇ, ಅದೂ ಉಪವಾಸವಿಲ್ಲದ ದಿನ. ಬೀದಿಯಲ್ಲಿ ಇದನ್ನು ಯಾರಿಗೂ ಹೇಳಿಲ್ಲ. ನೀವೂ ರುದ್ರಪ್ಪನವರ ಕಿವಿಗೆ ಹಾಕಬೇಡಿ.