ಬಾನಿಯ ನೀರು ವಾಲಿದ ಮಧ್ಯಾಹ್ನ

ತೊಲೆ, ಜಂತಿಗಳ ಮೇಲೆ ಮಣ್ಣು ಹಾಸಿದ ಮಾಳಿಗೆಯ ಮನೆಗಳು ಈಗ ಕಡಿಮೆ. ಅಂಥ ಮನೆಗೆ ಹೋದರೆ ನಾನು ಗೋಡೆಗೆ ಆತು ಕೂರುತ್ತೇನೆ, ನಡುವೆ ಕೂರುವುದಿಲ್ಲ. ಯಾರಾದರೂ ಕೇಳಿದರೆ ಬೆನ್ನುನೋವು ಎನ್ನುತ್ತೇನೆ.

ಅರವತ್ತರ ದಶಕದ ಆರಂಭ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ವಿಭಾಗದ ಗಾಜಿನ ತೊಟ್ಟಿಯಲ್ಲಿ ಮೀನುಗಳು ಮೊಟ್ಟೆಯಿಡುತ್ತಿದ್ದವು. ಒಡೆದು ಬಂದ ಮರಿಗಳು ವಾರದೊಳಗೆ ಸಾಯುತ್ತಿದ್ದವು. ಅವುಗಳ ಬಾಯಿಗೆ ಹಿಡಿಸುವಷ್ಟು ಸಣ್ಣ ಆಹಾರ ನಮ್ಮಲ್ಲಿ ಇರಲಿಲ್ಲ. ಹಸಿರು ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯನ್ನು ಬೆಳೆಸಿಕೊಟ್ಟರೆ ಮರಿಗಳು ಬದುಕುತ್ತವೆ ಎಂದು ಓದಿದ್ದೆ. ಅದಕ್ಕೆ ಬೇಕಾದದ್ದು ಕೆರೆಯ ನೀರು, ಬಟ್ಟೆಯಲ್ಲಿ ಕಟ್ಟಿ ಅದ್ದಿದ ಕುರಿಹಿಕ್ಕೆ, ಮತ್ತು ಬಿಸಿಲು. ನಮ್ಮ ಅಂಗಳದ ತುಂಬ ಬೇವಿನ ನೆರಳು. ಕುಂಬಾರರಿಂದ ಆರು ದೊಡ್ಡ ಬಾನಿ ತಂದು ಮಾಳಿಗೆಯ ಮೇಲಿಟ್ಟೆ.

‘ಮಂದಿ ಮಾಳಗಿ ಮ್ಯಾಲೆ ಹಪ್ಪಳಾ ಒಣಗಸ್ತಾರ, ನನ್ನ ಮಗಾ ಹಾವಸಿ ಬೆಳಸ್ತಾನ’ ಎಂದು ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಳು.

ಬಾನಿಗಳನ್ನು ಮೊದಲು ಕೆಳಗಿನ ಗೋಡೆಯ ನೇರಕ್ಕೇ, ಕುಂಬಿಗೆ ಆನಿಸಿ ಇಟ್ಟಿದ್ದೆ. ಮಾಳಿಗೆಯ ಸುತ್ತಲಿನ ಆ ಗಿಡ್ಡ ಗೋಡೆಯ ನೆರಳು ಮಧ್ಯಾಹ್ನದ ನಂತರ ನೀರಿನ ಮೇಲೆ ಬೀಳುತ್ತಿತ್ತು, ಹಸಿರು ತಿಳಿಯಾಗತೊಡಗಿತು. ಹೀಗಾಗಿ ಆರನ್ನೂ ಮಾಳಿಗೆಯ ನಡುವಿಗೆ ಸರಿಸಿದೆ. ಒಂದೊಂದರಲ್ಲಿ ಎಂಟು ಕೊಡ ನೀರು. ಹಿಕ್ಕೆ ಎಷ್ಟು, ಬಿಸಿಲು ಎಷ್ಟು ಹೊತ್ತು ಎಂದು ನೋಟ್‌ಬುಕ್ಕಿನಲ್ಲಿ ದಿನವೂ ಬರೆಯುತ್ತಿದ್ದೆ. ತೂಕದ ಬಗ್ಗೆ ಆ ನೋಟ್‌ಬುಕ್ಕಿನಲ್ಲಿ ಒಂದು ಸಾಲೂ ಇಲ್ಲ.

ಆ ನಡುವಿನ ಕೆಳಗೇ ಬಾಣಂತಿ ಕೋಣೆ. ಅಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದಳು, ಕೂಸಿಗೆ ಆಗ ಇಪ್ಪತ್ತು ದಿನ. ತಿಂಗಳು ತುಂಬುವವರೆಗೆ ಗಂಡಸರು ಆ ಕೋಣೆಗೆ ಕಾಲಿಡುವಂತಿರಲಿಲ್ಲ, ಅಕ್ಕ ಗಾಳಿಗೆ ಹೊರಗೆ ಬರುವಂತಿರಲಿಲ್ಲ. ಬಾಗಿಲ ಪರದೆಯ ಆಚೆ ಈಚೆ ನಿಂತು ನಾವು ಮಾತಾಡುತ್ತಿದ್ದೆವು. ಒಂದು ದಿನ ಪರದೆಯ ಒಳಗಿನಿಂದ ಅಂದಳು:

‘ತಮ್ಮಾ, ಮ್ಯಾಲಿಂದ ಮಣ್ಣ ಉದರಾಕತ್ತೇತಿ ನೋಡು.’

‘ಇಲಿ ಇರಬೇಕಕ್ಕಾ’ ಅಂದೆ.

ಮಣ್ಣಿನ ಮಾಳಿಗೆಯಲ್ಲಿ ಇಲಿ ಓಡಾಡಿದರೆ ಮಣ್ಣು ಉದುರುವುದು ನಿಜ. ಆದರೆ ಆ ಮಾತು ಆಡುವಾಗ ನನ್ನ ಕಣ್ಣ ಮುಂದೆ ಬಂದದ್ದು ಇಲಿಯಲ್ಲ, ಬಾನಿಗಳು. ಸರಿಸಿದರೆ ಹಸಿರು ಕೆಡುತ್ತದೆ. ಕಾಲೇಜಿನಲ್ಲಿ ಮೊಟ್ಟೆ ಒಡೆಯಲು ನಾಲ್ಕು ದಿನವಿತ್ತು. ನಾಲ್ಕು ದಿನ ಕಳೆಯಲಿ ಅಂದುಕೊಂಡೆ.

ಮೂರನೆಯ ದಿನ ಸಂಜೆ ಬೇಸಿಗೆಯ ಅಡ್ಡಮಳೆ ಹೊಡೆಯಿತು. ಮರುದಿನ ಮಧ್ಯಾಹ್ನ ಏಣಿ ಹತ್ತಿ ಹೋಗಿ, ತಳಕ್ಕಿಳಿದ ಹಸಿರನ್ನು ಕೋಲಿನಿಂದ ಕದಡಲು ಬಾಗಿದೆ. ಮಳೆಯಿಂದ ಬಾನಿಗಳು ತುಂಬಿದ್ದವು. ಮೊದಲ ಬಾನಿಯಲ್ಲಿ ನೀರು ಮಾಳಿಗೆಯ ನಡುವಿನ ಕಡೆ ಅಂಚಿಗೆ ಮುಟ್ಟಿತ್ತು. ಕುಂಬಿಯ ಕಡೆ ನಾಲ್ಕು ಬೆರಳು ಕೆಳಗಿತ್ತು. ಎದುರಿನ ಬಾನಿ ನೋಡಿದೆ, ಅದೂ ನಡುವಿನ ಕಡೆಗೇ ವಾಲಿತ್ತು. ಆರೂ ಒಂದಕ್ಕೊಂದು ಬಾಗಿ ನಿಂತಿದ್ದವು. ನೀರಿಗೆ ವಾಲಲು ಬರುವುದಿಲ್ಲ. ಕೆಳಗಿನ ತೊಲೆ ಬಾಗಿತ್ತು, ಅದರ ಮೇಲೆ ನಾನೂ ನಿಂತಿದ್ದೆ.

ಏಣಿಗೆ ಹೋಗಬೇಕೆಂದರೆ ನಡುವನ್ನು ದಾಟಬೇಕು. ಕೋಲನ್ನು ಮೆಲ್ಲಗೆ ಕೆಳಗಿಟ್ಟು, ಬೋರಲು ಮಲಗಿ, ಗೋಡೆಯ ಬದಿಯ ಬೆಳಕಿಂಡಿಯವರೆಗೆ ತೆವಳಿದೆ. ನೆನೆದ ಮಣ್ಣಿಗೆ ಎದೆ ತಾಗಿದಾಗ ಒಳಗೆಲ್ಲೋ ಕಟ್ಟಿಗೆ ಕಿರ್ ಎಂದಿತು. ಬೆಳಕಿಂಡಿಯಲ್ಲಿ ಇಣುಕಿದೆ. ಅಕ್ಕ ಹೊರಸಿನ ಮೇಲೆ ಕೂತು ಹಗ್ಗ ಜಗ್ಗಿ ತೊಟ್ಟಿಲು ತೂಗುತ್ತಿದ್ದಳು. ತೊಟ್ಟಿಲನ್ನು ಕಟ್ಟಿದ್ದು ಅದೇ ತೊಲೆಗೆ. ಕೋಣೆಗೆ ಹೋಗದ ನನಗೆ ಅದು ಗೊತ್ತಿರಲಿಲ್ಲ.

‘ಅಕ್ಕಾ, ತೂಗಬ್ಯಾಡ. ಕೂಸಿನ್ನ ತಗೊಂಡು ಹೊರಗ ಹೋಗು.’

ಅವಳು ತಲೆಯೆತ್ತಿ ನಕ್ಕಳು. ‘ಅಲ್ಲೇನ್ ಮಾಡಾಕತ್ತಿ? ಇಲಿ ಹಿಡಿಯಾಕ ಬಂದಿಯೇನು?’

‘ಹೊರಗ ಹೋಗಕ್ಕಾ, ಲಗೂ.’

‘ಈಗರ ಮಲಗೇತಿ. ಗಾಳ್ಯಾಗ ಹೋದ್ರ ಅವ್ವ ನನ್ನ ಬಿಡ್ತಾಳೇನು?’ ಕೈಯಲ್ಲಿ ಹಗ್ಗ ಇನ್ನೂ ಆಡುತ್ತಿತ್ತು. ತೊಟ್ಟಿಲು ಆ ತುದಿಗೆ ಹೋದಾಗಲೆಲ್ಲ ನನ್ನ ಹೊಟ್ಟೆಯ ಕೆಳಗೆ ಕಿರ್ ಎನ್ನುತ್ತಿತ್ತು.

‘ಇಲಿ ಅಲ್ಲಕ್ಕಾ’ ಅಂದೆ. ‘ನನ್ನ ಬಾನಿ. ತೊಲಿ ಮುರಿಯಾಕತ್ತೇತಿ.’

ಅವಳ ಕೈ ನಿಂತಿತು. ಕೂಸನ್ನು ಎತ್ತಿಕೊಂಡು, ತಲೆಗೆ ಕಟ್ಟಿದ ಬಟ್ಟೆ ಜಾರುತ್ತಿದ್ದರೂ ಹಿತ್ತಲಿಗೆ ಓಡಿದಳು. ಬಾವಿಕಟ್ಟೆಯಲ್ಲಿದ್ದ ಅವ್ವನ ಕೂಗು, ನಂತರ ಪಕ್ಕದ ಮನೆಯ ಬಡಿಗ ಕಾಕಾನನ್ನು ಕರೆಯುವುದು ಕೇಳಿಸಿತು.

ಕಾಕಾ ಮುಸಲ್ಮಾನ ಹಿರಿಯ. ಬಂದು ಅಭ್ಯಾಸದಂತೆ ಪರದೆಯ ಹೊರಗೇ ನಿಂತ. ಅವ್ವನೇ ಪರದೆ ಕಿತ್ತು ಬಿಸಾಕಿದಳು. ಅವನು ಒಳಗೆ ನೋಡಿ ಹೊರಗೆ ಬಂದು ಮೇಲಕ್ಕೆ ಕೂಗಿದ: ‘ಮಾಸ್ತರ, ಅಲ್ಲೇ ಗ್ವಾಡಿ ಮ್ಯಾಲೆ ಕುಂಡ್ರಿ. ನೀರ ಚೆಲ್ಲಬ್ಯಾಡ್ರಿ, ಮಣ್ಣ ಮತ್ತ ನೆನೀತೇತಿ. ಮೀನ ಸಾಕಾಕ ಮನಿ ಕೆಡವತೀರೇನ್ರಿ?’

ತೊಲೆಗೆ ಟೇಕು ಕೊಡಲು ಅವನು ಒಂದು ಕಂಬ ಹೊತ್ತು ತಂದ. ಕಂಬವನ್ನು ನಿಲ್ಲಿಸುವಷ್ಟರಲ್ಲಿ ಎರಡು ಜಂತಿಗಳ ನಡುವಿನಿಂದ ಬುಟ್ಟಿಯಷ್ಟು ಹಸಿಮಣ್ಣು ಕಳಚಿ ನೇರ ತೊಟ್ಟಿಲಿಗೆ ಬಿತ್ತು. ಬೆಳಕಿಂಡಿಯಿಂದ ನಾನದನ್ನು ಕಂಡೆ. ಮಣ್ಣು ತುಂಬಿದ ತೊಟ್ಟಿಲು ನಾಲ್ಕಾರು ಸಲ ತೂಗಿ ನಿಂತಿತು.

ಕಂಬ ಬಿಗಿಯಾದ ಮೇಲೆ, ಗೋಡೆಯಿಂದ ಗೋಡೆಗೆ ಹಾಕಿದ ಹಲಗೆಯ ಮೇಲೆ ಕೂತು ಕೈ ಚಾಚಿ, ತಂಬಿಗೆಯಿಂದ ಕೊಡಕ್ಕೆ, ಕೊಡದಿಂದ ಕೆಳಗೆ, ಆರೂ ಬಾನಿ ಖಾಲಿ ಮಾಡಿದೆವು. ತೊಲೆಯ ತುದಿಯನ್ನು ಒರಲೆ ಹುಳು ತಿಂದಿತ್ತು, ಬಿರುಕಿನಲ್ಲಿ ಕಾಕಾನ ಬೆರಳು ಹೋಗುತ್ತಿತ್ತು. ಕೆಳಗೆ ನಿಂತು ಒಮ್ಮೆ ತಲೆಯೆತ್ತಿದ್ದರೆ ಅದು ಯಾರಿಗಾದರೂ ಕಾಣುತ್ತಿತ್ತು. ಅವ್ವ ಹಸಿರು ನೀರನ್ನೆಲ್ಲ ಕರಿಬೇವಿನ ಗಿಡಕ್ಕೆ ಹೊಯ್ದಳು. ಕಾಲೇಜಿನಲ್ಲಿ ಮೀನಿನ ಮೊಟ್ಟೆ ಒಡೆದವು. ನಾನು ತೊಟ್ಟಿಯ ಹತ್ತಿರ ಹೋಗಲಿಲ್ಲ.

ಆ ಕೂಸಿಗೆ ಈಗ ತಲೆ ನರೆತಿದೆ. ಮನೆಗೆ ಯಾರು ಬಂದರೂ ಅಕ್ಕ ಈ ಕತೆ ಹೇಳುತ್ತಾಳೆ. ‘ನನ್ನ ತಮ್ಮ ಕಲತಾಂವ ನೋಡ್ರಿ, ನೀರ ನೋಡಿ ತೊಲಿ ಬಾಗಿದ್ದ ಕಂಡಹಿಡದ. ಅಂವ ಇಲ್ಲಂದ್ರ ಇಂವ ಇರ್ತಿದ್ದಿಲ್ಲ’ ಎಂದು ಮಗನ ಭುಜ ತಟ್ಟುತ್ತಾಳೆ. ಬಂದವರು ನನ್ನ ಕಡೆ ನೋಡುತ್ತಾರೆ. ಇಲಿಯ ಮಾತನ್ನು ಅವಳು ಒಮ್ಮೆಯೂ ಹೇಳಿಲ್ಲ. ಮರೆತಳೋ, ಬೇಕೆಂದೇ ಬಿಟ್ಟಳೋ, ನಾನು ಇನ್ನೂ ಕೇಳಿಲ್ಲ.