ಮಾತಿಲ್ಲದ ಒಂದು ದೃಶ್ಯ

ಸದಾನಂದ ಸ್ವಾರ್ಥಿ, ನಾಲಿಗೆಯ ಮೇಲೆ ಹಿಡಿತವಿಲ್ಲದವನು. ಕಂಡವರ ಕಷ್ಟವೆಲ್ಲ ಅವನಿಗೆ ಮಾತಿನ ಸರಕು. ಅವನಿದ್ದ ಚಾಳಿನ ಸಾಲುಕೋಣೆಗಳಲ್ಲಿ, ಪಕ್ಕದ ಖೋಲಿಯಲ್ಲಿ ಜಗಳವಾದರೆ ಬಿಡಿಸಲು ಹೋಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಮರುದಿನ ಬಣ್ಣ ಹಚ್ಚಿ ಹೇಳುತ್ತಿದ್ದ. ಅವನ ಹೆಂಡತಿ ವಿನೋದಿನಿಯೂ ಇದನ್ನು ಅಲ್ಲವೆನ್ನುತ್ತಿರಲಿಲ್ಲ.

ಉಡುಪಿಯ ಕಡೆಯಿಂದ ಮುಂಬಯಿಗೆ ಬಂದು ವಿಲೆ ಪಾರ್ಲೆಯಲ್ಲಿ ಸೋದರಮಾವನ ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದ ಈ ಮನುಷ್ಯನಿಗೆ ಇದ್ದದ್ದು ಒಂದೇ ಆಸೆ, ಸಿನೆಮಾಕ್ಕೆ ಕಥೆ ಬರೆಯಬೇಕು. ಅದು ೧೯೫೪. ಬಿಡುವು ಸಿಕ್ಕಾಗ ಥಿಯೇಟರಿನ ಕತ್ತಲಲ್ಲಿ ಕುಳಿತು ಪರದೆಯ ಮೇಲಿನವರ ಜೊತೆ ತಾನೂ ತುಟಿ ಆಡಿಸುತ್ತಿದ್ದ. ತನ್ನ ಮಾತು ಅಲ್ಲಿಂದ ಹೊರಟು ಇಷ್ಟು ಜನರ ಉಸಿರು ಹಿಡಿದು ನಿಲ್ಲಿಸುವ ದಿನವನ್ನು ನೆನೆಯುತ್ತಿದ್ದ. ಕೆಲಸವಿಲ್ಲದಿದ್ದರೂ ಲೋಕಲ್ ರೈಲು ಹತ್ತಿ ಮಲಾಡಿಗೆ ಹೋಗಿ ಸ್ಟುಡಿಯೋದ ಗೇಟನ್ನು ನೋಡಿಕೊಂಡು ಬರುವುದಿತ್ತು.

ಆ ಗೇಟು ತೆರೆಸಿದವರು ನೀಲಕಂಠಪ್ಪ. ಹಿಂದೆ ಧಾರವಾಡದ ಕಡೆ ನಾಟಕ ಕಂಪನಿಗೆ ಬರೆಯುತ್ತಿದ್ದವರು, ಈಗ ಸ್ಟುಡಿಯೋದ ಕಥೆಯ ವಿಭಾಗದಲ್ಲಿದ್ದರು. ಒಂದು ಭಾನುವಾರದ ತಾಳಮದ್ದಳೆಯಲ್ಲಿ ಅವರು ಸದಾನಂದನ ಅರ್ಥಗಾರಿಕೆ ಕೇಳಿದ್ದರು. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ವಾದಿಸುವ ಆಟ ಅದು. ಯಾವ ಪಾತ್ರ ಪಾಲಿಗೆ ಬಂದರೂ ಅದರ ಪಕ್ಷವನ್ನು ಗೆಲ್ಲಿಸುವವನೇ ಅಲ್ಲಿ ಗಟ್ಟಿಗ. ಸದಾನಂದ ಗಟ್ಟಿಗನೇ.

ಸ್ಟುಡಿಯೋದ ಸೇಠ್ ಯಾರ ಕಥೆಯನ್ನೂ ಓದುತ್ತಿರಲಿಲ್ಲ. ಬರೆದವನೇ ಎದುರು ಕುಳಿತು ಹೇಳಬೇಕು. ಸದಾನಂದ ಹೋಟೆಲಿನಲ್ಲಿ ಕಲಿತ ಹಿಂದಿಯಲ್ಲಿ ಶುರುಮಾಡಿದ. ಕಥೆ ಅವನ ಚಾಳಿನದೇ: ಕೊನೆಯ ಖೋಲಿಯ ವಾರಿಜಕ್ಕನನ್ನು ಮಾಲೀಕ ಹೊರಗೆ ಹಾಕುತ್ತಿದ್ದ. ಆಕೆ ಹೋಟೆಲಿನ ಅಡುಗೆಯವನ ವಿಧವೆ. ಕಥೆಯಲ್ಲಿ ಹೆಸರು ಮಾತ್ರ ಬೇರೆಯಾಗಿತ್ತು.

ಮೊದಲು ಮಾಲೀಕನ ಸರದಿ ಬಂತು. ಸದಾನಂದ ಮಾಲೀಕನೇ ಆಗಿಬಿಟ್ಟ. ಬಿರುಕುಬಿಟ್ಟ ಗೋಡೆ, ಮುನಿಸಿಪಾಲಿಟಿಯ ಕಾಟ, ನಾಳೆ ಛಾವಣಿ ಕುಸಿದು ಮಕ್ಕಳು ಸತ್ತರೆ ಪಾಪ ಯಾರಿಗೆ? ಕಣ್ಣಲ್ಲಿ ನೀರು ತಂದುಕೊಂಡು ಕೇಳಿದ. ಸೇಠ್ ನೆಟ್ಟಗೆ ಕುಳಿತ. ದಾದರಿನಲ್ಲಿ ಅವನದೂ ಚಾಳುಗಳಿದ್ದವು.

"ಬಿಲ್ಕುಲ್ ಸಹೀ! ನಿಕಾಲೋ ಬುಡ್ಢೀ ಕೋ!" ಮುದುಕಿಯನ್ನು ಹೊರಗೆ ಹಾಕು ಎಂದು ಸೇಠನೇ ತೀರ್ಪು ಕೊಟ್ಟುಬಿಟ್ಟ.

ಮುದುಕಿಯ ಉತ್ತರ ಇನ್ನೂ ಬಾಕಿಯಿತ್ತು. ಅದನ್ನೇ ಸದಾನಂದ ತಿಂಗಳುಗಟ್ಟಲೆ ತಿದ್ದಿದ್ದು. ಸೇಠ್ ಕೇಳಲಿಲ್ಲ, ಎದ್ದೇಬಿಟ್ಟ. "ಇಸ್ ಮೇ ವಿಲನ್ ಕೌನ್ ಹೈ, ಭಾಯಿ? ನಹೀ ಚಲೇಗಾ." ವಿಲನ್ನೇ ಇಲ್ಲದ ಕಥೆ ಅವನಿಗೆ ಬೇಡವಾಗಿತ್ತು.

ಸ್ಟೇಷನ್ನಿನ ದಾರಿಯುದ್ದಕ್ಕೂ ನೀಲಕಂಠಪ್ಪ ನಕ್ಕರು. "ಖಳನಾಯಕನ್ನ ದೇವರ ಮಾಡಿ ಕೂಡಿಸಿದೆಲ್ಲೋ! ಆ ಮುದುಕಿ ಏನ್ ಮಾಡ್ತಾಳ?"

"ಮಾತಾಡ್ತಾಳೆ ಸಾರ್. ಕೇಳಿದ್ದರೆ ಸೇಠ್ ಅಳ್ತಿದ್ದ."

"ಮಾತು ಬ್ಯಾಡಪಾ. ಕೈ ಏನ್ ಮಾಡ್ತಾವ? ಮನಿ ಬಿಡೂ ಮುಂದ ಯಾತಕ್ಕ ಕೈ ಹಾಕ್ತಾಳ?"

ಸದಾನಂದ ಮತ್ತೆ ಮುದುಕಿಯ ಮಾತನ್ನೇ ಶುರುಮಾಡಿದಾಗ ನೀಲಕಂಠಪ್ಪ ಕೈಯೆತ್ತಿ ತಡೆದರು.

"ಕಿವಿ ಅದಾವ ನಿನಗ, ಕಣ್ಣಿಲ್ಲ. ಯಾರೂ ತುಟಿ ಬಿಚ್ಚದ ಒಂದ್ ಸೀನ್ ತಗೊಂಡ್ ಬಾ. ಚಲೋ ಇದ್ರ ನನ್ನ ಕೈಕೆಳಗ ಇಟ್ಕೋತೀನಿ. ಇಲ್ಲಾಂದ್ರ ಈ ಕಡಿ ಹಾಯಬ್ಯಾಡ."

ಮನೆಯಲ್ಲಿ ವಿನೋದಿನಿ ಎಲ್ಲವನ್ನೂ ಕೇಳಿ, "ಮಾತೇ ಬೇಡ ಅಂದ್ರಾ? ಪುಣ್ಯಾತ್ಮರು. ಅವರನ್ನೊಮ್ಮೆ ಊಟಕ್ಕೆ ಕರೀರಿ" ಎಂದಳು.

ಸದಾನಂದ ಕೆಲವು ದಿನ ಸಿಟ್ಟಿನಲ್ಲೇ ಕಳೆದ. ಆದರೆ ಆ ಗೇಟಿನ ಆಸೆ ಸಿಟ್ಟಿಗಿಂತ ದೊಡ್ಡದಿತ್ತು. ಒಂದು ಮಧ್ಯಾಹ್ನ ಚಾಳಿನ ಕೊನೆಯ ಖೋಲಿಗೆ ಹೋದ. ಹೋದದ್ದು ನೋಡಲಿಕ್ಕೆ, ಸಹಾಯಕ್ಕಲ್ಲ.

ವಾರಿಜಕ್ಕ ಡಬ್ಬಿಯ ಮೇಲೆ ನಿಂತು ಇಕ್ಕಳದಿಂದ ಗೋಡೆಯ ಮೊಳೆಗಳನ್ನು ಕೀಳುತ್ತಿದ್ದಳು. ಕಿತ್ತದ್ದನ್ನು ನೆಲಕ್ಕೆ ತಂದು, ಸೊಟ್ಟಗಾಗಿದ್ದರೆ ಒರಳಿನ ಗುಂಡಿನಿಂದ ಮೆಲ್ಲಗೆ ತಟ್ಟಿ ನೇರ ಮಾಡಿ, ಸೆರಗಿನ ತುದಿಯಲ್ಲಿ ಒರೆಸಿ ಪಕ್ಕಕ್ಕಿಡುತ್ತಿದ್ದಳು. ಮೊಳೆ ಹೋದಲ್ಲಿ ಉಳಿದ ತೂತನ್ನು ಹೆಬ್ಬೆರಳಿನಿಂದ ಒಮ್ಮೆ ಮುಚ್ಚಿ ತೆಗೆಯುತ್ತಿದ್ದಳು. ಸದಾನಂದನಿಗೆ ದೃಶ್ಯ ಸಿಕ್ಕಿತ್ತು.

ಹಿಂತಿರುಗಿದ ವಾರಿಜಕ್ಕ ಅವನನ್ನು ಕಂಡಳು.

"ಎಂತ ನೋಡ್ತಿ? ಇವು ಮಾಲೀಕನದ್ದಲ್ಲ, ನಮ್ಮವರು ತಂದು ಹೊಡೆದದ್ದು. ಮುಲುಂಡಿನಲ್ಲಿ ಮಗಳ ಮನೆಯಲ್ಲಿ ಬೇಕಾಗ್ತದೆ." ಆಮೇಲೆ ದನಿ ತಗ್ಗಿಸಿದಳು. "ಸದಾನಂದ, ನೀನು ಬಾಯಿಬಡುಕ. ಇದೊಂದನ್ನು ಎಲ್ಲಿಯೂ ಆಡಬೇಡ ಮಾರಾಯ. ಮುದುಕಿ ಮೊಳೆಯನ್ನೂ ಬಿಡಲಿಲ್ಲ ಅಂತ ನಗ್ತಾರೆ."

ಸದಾನಂದ ಆಕೆಗೆ ಎಟುಕದ ಒಂದೆರಡನ್ನು ಕಿತ್ತುಕೊಟ್ಟು ಬಂದ.

ಆ ವಾರವೆಲ್ಲ ಗಲ್ಲಾದಲ್ಲಿ ಕುಳಿತೇ ಅದನ್ನು ಪರದೆಯ ಮೇಲೆ ಕಂಡ. ಕಿಟಕಿಯ ಬೆಳಕು, ಇಕ್ಕಳ ಹಿಡಿದ ಕೈ, ಕಲ್ಲಿನ ಟಕ್ ಟಕ್, ಕತ್ತಲಲ್ಲಿ ಉಸಿರು ಹಿಡಿದ ಜನ. ವಿನೋದಿನಿಗೆ ಕೂಡ ಹೇಳಲಿಲ್ಲ. ಗಿರಾಕಿಗಳು ಕರೆದರೆ ಎಚ್ಚರವಾದವನಂತೆ ನೋಡುತ್ತಿದ್ದ.

ಭಾನುವಾರ ಸ್ಟುಡಿಯೋದ ಎದುರಿನ ಚಹಾದಂಗಡಿಯಲ್ಲಿ ನೀಲಕಂಠಪ್ಪ ಬೆಂಚಿನ ಮೇಲೆ ಜಾಗ ಮಾಡಿಕೊಟ್ಟರು. ಗೇಟು ತೆರೆದೇ ಇತ್ತು. ಒಳಗೆ ಯಾರೋ ದೊಡ್ಡ ದೀಪವೊಂದನ್ನು ತಳ್ಳಿಕೊಂಡು ಹೋಗುತ್ತಿದ್ದರು. ಅದು ತಗಡಿನ ಶೆಡ್ಡಿನಲ್ಲಿ ಮರೆಯಾಗುವ ತನಕ ಸದಾನಂದ ನೋಡಿದ.

"ತಂದೇನಪಾ? ಏನ್ ಮಾಡ್ತಾಳ ಮುದುಕಿ?"

ಸದಾನಂದನ ತುಟಿ ಅಲುಗಿತು. ಬಿಸಿ ಚಹಾವನ್ನು ಒಂದೇ ಗುಟುಕಿಗೆ ಕುಡಿದ.

"ಎಂತದೂ ಸಿಕ್ಕಲಿಲ್ಲ, ಸಾರ್" ಎಂದ.